ಊರಲ್ಲಿ ರೇಂಜ್ ಇಲ್ಲವೇ? ದೂರು ಹೀಗೆ ಕೊಡಿ

ಉಡುಪಿ ಜಿಲ್ಲೆಯ ಕೊಲ್ಲೂರು, ಅಮಾಸೆಬೈಲು, ಹೆಬ್ರಿ ಕಡೆಯ ಘಟ್ಟದ ಬುಡದ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಕರೆಂಟಿನ ಬೆನ್ನಿಗೇ ರೇಂಜೂ ಹೋಗುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದವರು ಯಂತ್ರದ ಮುಂದೆ ಕಾದು ನಿಲ್ಲುತ್ತಾರೆ. ಬ್ಯಾಂಕಿನ ಒಟಿಪಿ ಗುಡ್ಡೆ ಹತ್ತಿದ ಮೇಲೆ ಬರುತ್ತದೆ, ಅಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಇದನ್ನೆಲ್ಲ ಅಂಗಡಿ ಜಗಲಿಯಲ್ಲಿ ಎಷ್ಟು ಹೇಳಿಕೊಂಡರೂ ಅದು ದೂರಾಗುವುದಿಲ್ಲ. ಡಾಕೆಟ್ ಸಂಖ್ಯೆ, ಅಂದರೆ ದೂರು ದಾಖಲಾಯಿತೆಂದು ಕಂಪನಿ ಕೊಡುವ ಸಂಖ್ಯೆ, ಸಿಕ್ಕಿದ್ದು ಮಾತ್ರ ದೂರು. ಅದನ್ನು ಪಡೆಯುವುದು ಹೇಗೆ, ಪಡೆದ ಮೇಲೆ ಏನು ಮಾಡಬೇಕು ಎಂಬುದು ಇಲ್ಲಿದೆ.

ಮೊದಲು ಒಂದು ವಾರ ಬರೆದಿಡಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ. ದಿನಾಂಕ, ಹೊತ್ತು, ಜಾಗ, ಯಾವ ಕಂಪನಿ, ಆಗ ಕರೆಂಟ್ ಇತ್ತೇ ಇಲ್ಲವೇ, ಇಷ್ಟು ಸಾಕು. ಉದಾಹರಣೆಗೆ: 'ಜುಲೈ 8, ಸಂಜೆ 6.10, ಮನೆಯಂಗಳ. ಕರೆಂಟ್ ಹೋದದ್ದು 4.45ಕ್ಕೆ. 5.50ರವರೆಗೆ 4ಜಿ ಇತ್ತು, ಆಮೇಲೆ ಕರೆಯೂ ಹೋಗುತ್ತಿಲ್ಲ. ರಾತ್ರಿ 9ಕ್ಕೆ ಕರೆಂಟ್ ಬಂತು, 9.15ಕ್ಕೆ ರೇಂಜ್ ಬಂತು.'

ಕರೆಂಟಿನ ಲೆಕ್ಕ ಯಾಕೆಂದರೆ, ಟವರಿಗೆ ಬ್ಯಾಟರಿ ಇರುತ್ತದೆ, ಹಲವು ಕಡೆ ಡೀಸೆಲ್ ಜನರೇಟರೂ ಇರುತ್ತದೆ. ಕರೆಂಟ್ ಹೋಗಿ ಒಂದು ಗಂಟೆಯಲ್ಲಿ ರೇಂಜ್ ಸತ್ತರೆ ಬ್ಯಾಟರಿ ಹಳತಾಗಿರಬಹುದು, ಇಲ್ಲವೇ ಡೀಸೆಲ್ ಹಾಕಿರಲಿಕ್ಕಿಲ್ಲ. ಇದು ದುರಸ್ತಿಯ ವಿಷಯ, ಬೇಗ ಆಗುವಂಥದ್ದು. ಕರೆಂಟ್ ಇದ್ದಾಗಲೂ ರೇಂಜ್ ಇಲ್ಲದಿದ್ದರೆ ನಿಮ್ಮಲ್ಲಿಗೆ ಟವರಿನ ಅಲೆಯೇ ತಲುಪುತ್ತಿಲ್ಲ. ಎರಡನ್ನೂ ಕಲಸಿ 'ನೆಟ್‌ವರ್ಕ್ ಸರಿ ಇಲ್ಲ' ಎಂದು ಬರೆದರೆ ಉತ್ತರವೂ ಹಾಗೆಯೇ ಕಲಸುಮೇಲೋಗರವಾಗಿ ಬರುತ್ತದೆ.

ಪರೀಕ್ಷೆಯನ್ನು ಅಂಗಳದಲ್ಲಿ ಮಾಡಿ. ದಪ್ಪ ಮುರಕಲ್ಲಿನ ಗೋಡೆ ಅಲೆಯನ್ನು ತಡೆಯುತ್ತದೆ, ಒಳಗೆ ನಿಂತು ನೋಡಿದ್ದನ್ನು ಕಂಪನಿಯವರು ಒಪ್ಪುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಲ್ಲಿ ವೇಗ ಅಳೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಕಂಪನಿಯ ನಕ್ಷೆಯನ್ನೇ ಸಾಕ್ಷಿ ಮಾಡಿ

ಟ್ರಾಯ್‌ನ 2024ರ ಸೇವಾ ಗುಣಮಟ್ಟ ನಿಯಮಗಳ ಪ್ರಕಾರ ಪ್ರತಿ ಮೊಬೈಲ್ ಕಂಪನಿ 2ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ತನ್ನ ಜಾಲತಾಣದಲ್ಲಿ ಹಾಕಬೇಕು. ಅದನ್ನು ದೊಡ್ಡದು ಮಾಡಿ ನಿಮ್ಮ ಮನೆಯ ಜಾಗ ಹುಡುಕಿ. ಅಲ್ಲಿ ಸೇವೆ ಇದೆ ಎಂದು ಬಣ್ಣ ಬಳಿದಿದ್ದು, ನಿಮ್ಮ ಅಂಗಳದಲ್ಲಿ ಇಲ್ಲದಿದ್ದರೆ ಆ ಎರಡು ಸ್ಕ್ರೀನ್‌ಶಾಟ್‌ಗಳಿಗಿಂತ ಗಟ್ಟಿ ದಾಖಲೆ ಬೇರೆ ಬೇಡ.

198

ಇದು ಎಲ್ಲ ಕಂಪನಿಗಳ ದೂರಿನ ಸಂಖ್ಯೆ, ಕರೆ ಉಚಿತ. ನಿಮ್ಮದೇ ಸಿಮ್‌ನಿಂದ, ರೇಂಜ್ ಸಿಗುವ ಜಾಗದಿಂದ ಮಾಡಿ. ಊರು, ಪಿನ್‌ಕೋಡ್, ಬರೆದಿಟ್ಟ ಎರಡು ಮೂರು ಘಟನೆಗಳನ್ನು ಹೇಳಿ. ಫೋನ್ ರೀಸ್ಟಾರ್ಟ್ ಮಾಡಿ ಎಂಬ ಸಲಹೆಗೆ ಕರೆ ಮುಗಿಸಬೇಡಿ, ಡಾಕೆಟ್ ಸಂಖ್ಯೆ ಕೇಳಿ ಪಡೆಯಿರಿ. ಅದು ಎಸ್‌ಎಂಎಸ್‌ನಲ್ಲೂ ಬರಬೇಕು. ಸೇವೆ ನಿಂತ ದೂರನ್ನು 3 ದಿನದೊಳಗೆ ಬಗೆಹರಿಸಬೇಕು ಎಂದು ಗ್ರಾಹಕರ ದೂರುಗಳ ಬಗ್ಗೆ ಟ್ರಾಯ್ ಮಾಡಿದ 2012ರ ನಿಯಮ ಹೇಳುತ್ತದೆ.

ಹತ್ತು ಮನೆಯವರು ಸೇರಿ ಒಂದೇ ಮನವಿಗೆ ಸಹಿ ಹಾಕುವ ರೂಢಿ ನಮ್ಮಲ್ಲಿದೆ. ಇಲ್ಲಿ ಅದು ಸಾಲದು. ದೂರು ದಾಖಲಾಗುವುದು ಮೊಬೈಲ್ ಸಂಖ್ಯೆಯ ಹೆಸರಿನಲ್ಲಿ. ಹತ್ತು ಮನೆಯಿಂದ ಹತ್ತು ಡಾಕೆಟ್ ಹೋಗಲಿ. ಫೋನ್ ಬಳಕೆ ಅಷ್ಟು ಗೊತ್ತಿಲ್ಲದ ಹಿರಿಯರ ಪಕ್ಕ ಕೂತು ಅವರ ಕರೆಯನ್ನೂ ಮಾಡಿಸಿ. ಪೆನ್ಷನ್ ಸಂದೇಶಕ್ಕೆ ಕಾಯುವವರು ಅವರೇ.

ಮೇಲ್ಮನವಿ

ದೂರು ಮುಚ್ಚಿದರು, ಸಮಸ್ಯೆ ಹಾಗೇ ಉಳಿಯಿತು ಎಂದಾದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಇಮೇಲ್ ವಿಳಾಸ ಕಂಪನಿಯ ಮತ್ತು ಟ್ರಾಯ್‌ನ ಜಾಲತಾಣದಲ್ಲಿದೆ. ತೀರ್ಮಾನಕ್ಕೆ 39 ದಿನಗಳ ಮಿತಿ ಇದೆ. ಟ್ರಾಯ್‌ಗೇ ನೇರ ಬರೆದು ವರ್ಷ ಕಳೆಯಬೇಡಿ, ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ವಿಚಾರಿಸುವುದಿಲ್ಲ. ಮೇಲ್ಮನವಿಯಲ್ಲೂ ಆಗದಿದ್ದರೆ ಕೇಂದ್ರ ಸರ್ಕಾರದ ದೂರು ಜಾಲತಾಣ ಸಿಪಿಗ್ರಾಮ್ಸ್‌ನಲ್ಲಿ ದೂರಸಂಪರ್ಕ ಇಲಾಖೆಯನ್ನು ಆಯ್ದು, ಡಾಕೆಟ್ ಮತ್ತು ಮೇಲ್ಮನವಿಯ ಸಂಖ್ಯೆ ಎರಡನ್ನೂ ಕೊಟ್ಟು ದೂರು ಹಾಕಿ.

ಟವರೇ ಇಲ್ಲದ ಊರಿಗೆ

ಇಲ್ಲಿ ದಾರಿ ಬೇರೆ, ಟವರ್ ಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸುವುದರಿಂದ ಶುರು. 2022ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ 24,680 ಹಳ್ಳಿಗಳಿಗೆ 4ಜಿ ತಲುಪಿಸಲು 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿ ಬಿಎಸ್‌ಎನ್‌ಎಲ್‌ಗೆ ವಹಿಸಿತು. ಇಂಥ ಕೆಲಸಗಳಿಗೆಂದೇ ಇರುವ ನಿಧಿಗೆ ಈಗ ಡಿಜಿಟಲ್ ಭಾರತ್ ನಿಧಿ ಎಂದು ಹೆಸರು. ಕಂಪನಿಗಳು ತಮ್ಮ ಲೆಕ್ಕದ ಆದಾಯದಲ್ಲಿ ಶೇ 5ರಷ್ಟನ್ನು ಅದಕ್ಕೆ ಕಟ್ಟುತ್ತವೆ. ನಿಮ್ಮ ರೀಚಾರ್ಜಿನ ಪಾಲೂ ಅದರಲ್ಲಿದೆ, ಹಾಗಾಗಿ ಟವರ್ ಕೇಳಲು ಸಂಕೋಚ ಬೇಡ.

ನಿಮ್ಮ ಗ್ರಾಮ ಪಟ್ಟಿಯಲ್ಲಿದೆಯೇ, ಜಾಗ ಗುರುತಾಗಿದೆಯೇ, ಕೆಲಸ ಎಲ್ಲಿ ನಿಂತಿದೆ ಎಂದು ಬಿಎಸ್‌ಎನ್‌ಎಲ್‌ಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕೇಳಿ. ಮೂಕಾಂಬಿಕಾ, ಸೋಮೇಶ್ವರ ಅಭಯಾರಣ್ಯಗಳ ಅಂಚಿನಲ್ಲಿ ಅರಣ್ಯದ ಅನುಮತಿ ಬಾಕಿ ಎಂಬ ಉತ್ತರ ಬರಬಹುದು. ಹಾಗಿದ್ದರೆ ಅರಣ್ಯದ ಗಡಿಯಿಂದ ಹೊರಗಿರುವ ಜಾಗವೊಂದನ್ನು ಪಂಚಾಯತಿ ಮೂಲಕ ತೋರಿಸಿ, ಆ ನಿರ್ಣಯದ ಪ್ರತಿಯನ್ನು ಕೇಂದ್ರದ ಯೋಜನೆಗಳ ಪ್ರಗತಿ ನೋಡಲು ಸಂಸದರು ನಡೆಸುವ ದಿಶಾ ಸಭೆಗೆ ಮುಟ್ಟಿಸಿ.

ಅಲ್ಲಿಯವರೆಗೆ ಫೈಬರ್ ಸಿಗುತ್ತದೋ ನೋಡಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಪಿನ್‌ಕೋಡ್ ಹಾಕಿದರೆ ಆ ಪ್ರದೇಶದ ಇಂಟರ್‌ನೆಟ್ ಕಂಪನಿಗಳ ಹೆಸರು ಬರುತ್ತದೆ. ಫೈಬರ್ ಬಂದರೆ, ಫೋನಿನಲ್ಲಿ ಸೌಲಭ್ಯವಿದ್ದಲ್ಲಿ, ವೈಫೈ ಕಾಲಿಂಗ್ ಆನ್ ಮಾಡಿ. ಟವರ್ ಇಲ್ಲದೆಯೂ ಮಾಮೂಲಿ ಸಂಖ್ಯೆಯಿಂದ ಕರೆ ಹೋಗುತ್ತದೆ. ಇನ್ನೊಂದು, ಮನೆಯವರೆಲ್ಲರಿಗೂ ತಿಳಿದಿರಲಿ: ನಿಮ್ಮ ಸಿಮ್‌ಗೆ ರೇಂಜ್ ಇಲ್ಲದಿದ್ದರೂ ಬೇರೆ ಕಂಪನಿಯ ಅಲೆ ಇದ್ದರೆ 112ಕ್ಕೆ ಕರೆ ಹೋಗುತ್ತದೆ.

ಗ್ರಾಹಕ ಆಯೋಗ

ದೂರಸಂಪರ್ಕದ ವ್ಯಾಜ್ಯ ಗ್ರಾಹಕ ಆಯೋಗಕ್ಕೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದು ಬರುತ್ತದೆ ಎಂದೇ ತೀರ್ಪು ಕೊಟ್ಟಿದೆ. ನೀವು ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ರೀಚಾರ್ಜ್ ರಸೀದಿ, ಡಾಕೆಟ್ ಎಸ್‌ಎಂಎಸ್, ಮೇಲ್ಮನವಿಯ ಉತ್ತರ, ನಕ್ಷೆಯ ಸ್ಕ್ರೀನ್‌ಶಾಟ್, ಬರೆದಿಟ್ಟ ಪುಟದ ಪ್ರತಿ ಇವಿಷ್ಟನ್ನು ಲಗತ್ತಿಸಿ, ತೊಂದರೆ ಶುರುವಾದ 2 ವರ್ಷದೊಳಗೆ ಉಡುಪಿಯ ಜಿಲ್ಲಾ ಆಯೋಗಕ್ಕೆ ಸಲ್ಲಿಸಿ.