ಮೈ ಒದ್ದೆ ಇರುವಾಗಲೇ ಹಚ್ಚಿ
ಚಳಿಗೆ ಕಾಲು ಬಿಳಿಚಿ ತುರಿಸುತ್ತಿದ್ದರೆ, ಸ್ನಾನ ಆದಮೇಲೆ ಟವೆಲ್‌ನಲ್ಲಿ ಉಜ್ಜಬೇಡಿ, ಸುಮ್ನೆ ಒತ್ತಿಕೊಳ್ಳಿ. ಪಸೆ ಆರುವ ಮುಂಚೆ, 3 ನಿಮಿಷದೊಳಗೆ, ವ್ಯಾಸಲೀನ್ ಹಚ್ಚಿ. ಕೊಬ್ಬರಿ ಎಣ್ಣೆಯೂ ಆಗುತ್ತದೆ. ಇವು ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಆರಿಹೋಗದಂತೆ ತಡೆಯುತ್ತವೆ ಅಷ್ಟೇ. ಒಣಗಿದ ಮೇಲೆ ಹಚ್ಚಿದರೆ ಉಪಯೋಗ ಕಮ್ಮಿ. ಕಡಲೆಕಾಳಿನಷ್ಟು ತೆಗೆದು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡರೆ ತೆಳ್ಳಗೆ ಹರಡುತ್ತದೆ, ಪ್ಯಾಂಟಿಗೂ ಅಂಟುವುದಿಲ್ಲ. ಗೀಸರ್ ನೀರು ಹಬೆಯಾಡುವಷ್ಟು ಬಿಸಿ ಇದ್ದರೆ ಮಾತ್ರ ಇದೆಲ್ಲ ದಂಡ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಉಗುರುಬೆಚ್ಚಗಿನ ನೀರು ಅಂದರೆ ಕಷ್ಟವೇ, ಅಲ್ವಾ! ಬೋರ್‌ವೆಲ್ ನೀರಿನ ಮನೆಯವರು ಕೈಕಾಲಿಗೆ ಸೋಪು ಜಾಸ್ತಿ ಹಾಕಬೇಡಿ, ಗಡಸು ನೀರಿಗೆ ಅದು ಪೂರ್ತಿ ಹೋಗುವುದಿಲ್ಲ. ಉಂಗುರದಂಥ ಕೆಂಪು ಗುರುತು ಇದ್ದರೆ, ಅಥವಾ ರಾತ್ರಿ ಮನೆಮಂದಿಗೆಲ್ಲ ನವೆ ಶುರುವಾದರೆ, ಇದು ಕೆಲಸಕ್ಕೆ ಬಾರದು. ಚರ್ಮದ ಡಾಕ್ಟರಿಗೇ ತೋರಿಸಿ.