ಏರ್ ಸಸ್ಪೆನ್ಷನ್ ತಗ್ಗಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಬೇಕೇ?

ಕಳೆದ ಮಳೆಗಾಲದಲ್ಲಿ ಪರಿಚಯದವರೊಬ್ಬರು ತಮ್ಮ ಹಳೆಯ ಜರ್ಮನ್ ಸೆಡಾನ್ ಕಾರಿನ ಹಿಂದಿನ ಟೈರನ್ನು ಬಿಚ್ಚಿಸಿ ತೋರಿಸಿದರು. ಹೊರಮಗ್ಗುಲಲ್ಲಿ ಬಟನ್, ಅಂದರೆ ರಸ್ತೆಗೆ ತಾಗುವ ರಬ್ಬರಿನ ಹಲ್ಲು, ಚೆನ್ನಾಗಿಯೇ ಇತ್ತು. ಒಳಮಗ್ಗುಲಲ್ಲಿ ಕೈಯಾಡಿಸಿದರೆ ಬೆರಳಿಗೆ ತಂತಿ ಚುಚ್ಚುತ್ತಿತ್ತು. ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಬಲೂನುಗಳ ಮೇಲೆ ಕಾರನ್ನು ನಿಲ್ಲಿಸುವ ಏರ್ ಸಸ್ಪೆನ್ಷನ್ ತಗ್ಗಿಸಿ ನಾಲ್ಕು ತಿಂಗಳಾಗಿತ್ತು. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಹೊಂದಿಸುವುದು) ಮಾಡಿಸಿದ ರಸೀದಿಯೂ ಅವರ ಬಳಿ ಇತ್ತು. ಹಾಗಿದ್ದೂ ಟೈರ್ ಹೋದದ್ದು ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ತಿಳಿಯಬೇಕಾದದ್ದು ಕಾರು ಯಾವ ಬಗೆಯಲ್ಲಿ ತಗ್ಗಿದೆ ಎಂಬುದನ್ನು. ಹತ್ತಿ ಇಳಿಯಲು ಅನುಕೂಲವಾಗಲೆಂದು ಗುಂಡಿ ಒತ್ತಿದಾಗ ಅಥವಾ ಹೆದ್ದಾರಿಯಲ್ಲಿ ವೇಗ ಹೆಚ್ಚಿದಾಗ ತಾನಾಗಿ ತಗ್ಗಿ, ಮತ್ತೆ ಮೊದಲಿನ ಎತ್ತರಕ್ಕೆ ಮರಳುವ ಕಾರಿಗೆ ಹೊಸ ಅಲೈನ್‌ಮೆಂಟ್ ಬೇಕಿಲ್ಲ. ಈ ಏರಿಳಿತವನ್ನು ಗಮನದಲ್ಲಿಟ್ಟುಕೊಂಡೇ ಕಾರನ್ನು ರೂಪಿಸಿರುತ್ತಾರೆ. ಬೆಂಗಳೂರಿನ ವೋಲ್ವೊ ಸಿಟಿ ಬಸ್ಸು ನಿಲ್ದಾಣದಲ್ಲಿ ಬಾಗಿಲ ಕಡೆಗೆ ವಾಲಿ ನಿಂತಿತೆಂದು ಯಾರೂ ಅದನ್ನು ಅಲೈನ್‌ಮೆಂಟಿಗೆ ಕಳಿಸುವುದಿಲ್ಲ. ಆದರೆ ಎತ್ತರ ಅಳೆಯುವ ಹೈಟ್ ಸೆನ್ಸರನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಲಿಂಕ್ ರಾಡ್ ಬದಲಿಸಿಯೋ, ಕಾರಿನ ಕಂಪ್ಯೂಟರಿಗೆ ಸೇರಿಸುವ ಸ್ಕ್ಯಾನರ್ ಮೂಲಕ ಹೊಸ ಲೆಕ್ಕ ಬರೆದೋ ಕಾರಿನ ಸಾಮಾನ್ಯ ಎತ್ತರವನ್ನೇ ಇಳಿಸಿದ್ದರೆ ಅಲೈನ್‌ಮೆಂಟ್ ಕಡ್ಡಾಯ. ಚಕ್ರವನ್ನು ಕಾರಿಗೆ ಹಿಡಿದಿಡುವ ಲೋವರ್ ಆರ್ಮ್ ಮತ್ತು ಅದನ್ನು ತಿರುಗಿಸುವ ಟೈ ರಾಡ್ ಬೇರೆ ಬೇರೆ ಕೀಲುಗಳ ಸುತ್ತ ಬೇರೆ ಬೇರೆ ಕಮಾನಿನಲ್ಲಿ ಚಲಿಸುವುದರಿಂದ, ಕಾರು ಕೆಳಗಿಳಿದಂತೆ ಚಕ್ರದ ಮೇಲ್ಭಾಗ ಸಾಮಾನ್ಯವಾಗಿ ಒಳಕ್ಕೆ ವಾಲುತ್ತದೆ, ಜೊತೆಗೆ ಅದು ಮುಖ ಮಾಡಿದ ದಿಕ್ಕೂ ಬದಲಾಗುತ್ತದೆ. ವಾಲುವುದು ಕ್ಯಾಂಬರ್, ದಿಕ್ಕು ಟೋ. ಎಲ್ಲರೂ ಕ್ಯಾಂಬರನ್ನು ಬೈಯುತ್ತಾರೆ, ಟೈರನ್ನು ಬೇಗ ತಿನ್ನುವುದು ಟೋ. ಚಕ್ರವೊಂದು ಬರೀ 0.2 ಡಿಗ್ರಿ ಪಕ್ಕಕ್ಕೆ ತಿರುಗಿದ್ದರೂ ಒಂದು ಕಿಲೋಮೀಟರ್ ಓಟದಲ್ಲಿ ಅದು ಸುಮಾರು ಮೂರೂವರೆ ಮೀಟರಿನಷ್ಟು ಅಡ್ಡಕ್ಕೆ ಉಜ್ಜಿದ ಲೆಕ್ಕವಾಗುತ್ತದೆ.

ಬಸ್ಸು, ಲಾರಿಗಳ ಹಿಂದಿನ ಗಟ್ಟಿ ಆಕ್ಸಲ್ಲಿಗೆ ಈ ಮಾತು ಅನ್ವಯಿಸದು. ಅಲ್ಲಿ ನೋಡಬೇಕಾದದ್ದು ಗಿಯರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ. ಕಾರಿನ ಕೆಲಸದ ಕ್ರಮ ಹೀಗೆ.

ಹಂತ 1: ಟೈರಿನ ಗಾಳಿ, ಬುಷ್ (ಕೀಲಿನೊಳಗಿನ ರಬ್ಬರ್), ಬಾಲ್ ಜಾಯಿಂಟ್ (ಗುಂಡು ಕೀಲು) ಪರೀಕ್ಷಿಸಿ. ರಾತ್ರಿ ನಿಲ್ಲಿಸಿದ ಕಾರಿನ ಒಂದು ಮೂಲೆ ಬೆಳಿಗ್ಗೆ ಕುಸಿದಿದ್ದರೆ ಗಾಳಿ ಸೋರಿಕೆಯನ್ನು ಸರಿಪಡಿಸುವವರೆಗೆ ಮುಂದೆ ಹೋಗಬೇಡಿ.

ಹಂತ 2: ಎತ್ತರ ಇಳಿಸುವುದು. ನೆಲದಿಂದ ಅಳೆಯಬೇಡಿ, ಏಕೆಂದರೆ ಟೈರಿನ ಸವೆತ ಮತ್ತು ಗಾಳಿ ಆ ಲೆಕ್ಕವನ್ನು ಕೆಡಿಸುತ್ತವೆ. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಫೆಂಡರಿನ (ಚಕ್ರದ ಮೇಲಿನ ತಗಡಿನ) ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಮೂಲೆಗಳ ಅಳತೆಯನ್ನು ಬರೆದಿಟ್ಟುಕೊಳ್ಳಿ. ಎಡಬಲಗಳ ವ್ಯತ್ಯಾಸ 5 ಮಿಲಿಮೀಟರ್ ದಾಟಿದರೆ ನಾನು ಒಪ್ಪುವುದಿಲ್ಲ. ಸ್ಕ್ಯಾನರಿನಿಂದ ಇಳಿಸಲು ಸಾಧ್ಯವಿರುವಾಗ ಲಿಂಕ್ ರಾಡಿನ ಗೊಡವೆಗೆ ಹೋಗಲೇಬೇಡಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ರಾಡುಗಳ ಪ್ಲಾಸ್ಟಿಕ್ ಕೀಲು ಸಡಿಲವಾದರೆ ಸೆನ್ಸರ್ ತಪ್ಪು ಎತ್ತರ ಹೇಳತೊಡಗಿ, ಬಲೂನಿಗೆ ಗಾಳಿ ತುಂಬುವ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ಕಾರು ತಾನಾಗಿ ಎತ್ತರ ಬದಲಿಸದಂತೆ ತಡೆಯುವ ಜ್ಯಾಕ್ ಮೋಡ್ ಹಾಕದೆ ಚಕ್ರದ ಕಮಾನಿನೊಳಗೆ ಕೈ ಹಾಕಬೇಡಿ; ಕಾರು ಮುನ್ಸೂಚನೆಯಿಲ್ಲದೆ ಕೆಳಗಿಳಿಯಬಹುದು.

ಹಂತ 3: ಆರ್ಮುಗಳ ಬುಷ್ ಬೋಲ್ಟನ್ನು ಸಡಿಲಿಸಿ, ಕಾರಿನ ಭಾರ ಚಕ್ರಗಳ ಮೇಲಿರುವಾಗ ಹೊಸ ಎತ್ತರದಲ್ಲೇ ಬಿಗಿ ಮಾಡಿಸಿ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಹಂತ 4: ರ‍್ಯಾಂಪಿನ ಮೇಲೆ. ಅಲೈನ್‌ಮೆಂಟ್ ಮಾಡಲು ಕಾರು ನಿಲ್ಲಿಸುವ ಈ ಎತ್ತರದ ಕಟ್ಟೆಯಲ್ಲೇ ಕೆಲಸ ಕೆಡುವುದು. ತಗ್ಗಿಸಿದ ಕಾರಿನ ಮುಂಭಾಗ ರ‍್ಯಾಂಪಿನ ಏರಿಗೆ ತಗಲುತ್ತದೆಂದು ಹುಡುಗರು ಎತ್ತರದ ಗುಂಡಿ ಒತ್ತಿ ಕಾರನ್ನು ಮೇಲೆ ಹತ್ತಿಸುತ್ತಾರೆ, ಆಮೇಲೆ ಅದನ್ನು ಇಳಿಸಲು ಮರೆಯುತ್ತಾರೆ. ನನ್ನ ಪರಿಚಯದವರ ಕಾರಿಗೆ ಆದದ್ದೂ ಇದೇ: ಪರದೆಯ ಮೇಲಿನ ಅಂಕಿಗಳೆಲ್ಲ ಹಸಿರಾಗಿದ್ದವು, ಆದರೆ ಅವು ಆ ಕಾರು ಎಂದೂ ಓಡದ ಎತ್ತರದ ಅಂಕಿಗಳಾಗಿದ್ದವು. ಆದ್ದರಿಂದ ಕಾರು ರ‍್ಯಾಂಪ್ ಹತ್ತಿದ ಕೂಡಲೇ ಸಾಮಾನ್ಯ ಮೋಡಿಗೆ ತನ್ನಿ. ಡಿಕ್ಕಿಯಲ್ಲಿರುವ ಸಾಮಾನು ತೆಗೆಸಿ. ಬ್ಯಾಟರಿಗೆ ಚಾರ್ಜರ್ ಹಾಕಿಸಿ. ಬಾಗಿಲುಗಳನ್ನೆಲ್ಲ ಮುಚ್ಚಿ ಎಂಜಿನ್ ಓಡಿಸಿ, ಕಾರು ತನ್ನ ಮಟ್ಟಕ್ಕೆ ಬಂದು ನಿಲ್ಲುವವರೆಗೆ ಕಾಯಿರಿ. ಬಳಿಕ ಹಂತ 2ರಲ್ಲಿ ಬರೆದಿಟ್ಟ ಹೊಸ ಅಳತೆಗಳನ್ನು ಟೇಪ್ ಹಿಡಿದು ತಾಳೆ ನೋಡಿ. ತಾಳೆಯಾದ ಮೇಲಷ್ಟೇ, ಆ ಮಾದರಿಯಲ್ಲಿ ಸೌಲಭ್ಯವಿದ್ದರೆ, ಸ್ಕ್ಯಾನರಿನಿಂದ ಎತ್ತರದ ತಿದ್ದುಪಡಿಯನ್ನು ತಡೆಹಿಡಿಯಬೇಕು. ಚಕ್ರಗಳಿಗೆ ಸಿಕ್ಕಿಸುವ ಅಲೈನ್‌ಮೆಂಟ್ ಯಂತ್ರದ ಸೆನ್ಸರ್ ತಲೆಗಳ ಹೊಂದಾಣಿಕೆಗೆಂದು ಚಕ್ರಗಳನ್ನು ಜ್ಯಾಕಿನಲ್ಲಿ ಎತ್ತಿದರೆ ಈ ಇಡೀ ಕ್ರಮವನ್ನು ಮೊದಲಿನಿಂದ ಮಾಡಬೇಕಾಗುತ್ತದೆ, ಏಕೆಂದರೆ ನೇತಾಡುವ ಚಕ್ರವನ್ನು ಕಂಡ ಕಂಪ್ಯೂಟರ್ ಕಾರು ಎತ್ತರವಾಗಿದೆಯೆಂದು ತಿಳಿದು ಬಲೂನಿನ ಗಾಳಿಯನ್ನು ಹೊರಗೆ ಬಿಟ್ಟಿರಬಹುದು. ಕಾರನ್ನು ಹಿಂದೆಮುಂದೆ ತಳ್ಳಿ ಹೊಂದಾಣಿಕೆ ಮಾಡುವ ಯಂತ್ರವಿರುವ ಅಂಗಡಿಯೇ ನನ್ನ ಆಯ್ಕೆ.

ಯಂತ್ರದಲ್ಲಿ ಮಾದರಿಯ ಹೆಸರಷ್ಟೇ ಸಾಲದು, ಏರ್ ಸಸ್ಪೆನ್ಷನ್ ಇರುವ ಆವೃತ್ತಿಯನ್ನೇ ಆರಿಸಿದ್ದಾರೆಯೇ ಎಂದು ಕಣ್ಣಾರೆ ನೋಡಿ. ಹಿಂದಿನ ಚಕ್ರಗಳು ಮೊದಲು, ಮುಂದಿನವು ನಂತರ. ಕ್ಯಾಂಬರ್ ಮೊದಲು, ಟೋ ಕೊನೆಗೆ, ಏಕೆಂದರೆ ಕ್ಯಾಂಬರ್ ಮುಟ್ಟಿದರೆ ಟೋ ಮತ್ತೆ ಕದಲುತ್ತದೆ. ‘ಮುಂದಿನದು ಮಾಡಿದರೆ ಸಾಕು ಸಾರ್’ ಎನ್ನುವವರಿದ್ದರೆ ಕಾರನ್ನು ವಾಪಸ್ ಇಳಿಸಿಕೊಂಡು ಬನ್ನಿ. ಸ್ಟಿಯರಿಂಗ್ ನೇರ ನಿಲ್ಲಬೇಕಾದರೆ ಅದನ್ನು ನಡುವಿನಲ್ಲಿ ಬಿಗಿದಿಟ್ಟು, ಎರಡೂ ಕಡೆಯ ಟೈ ರಾಡುಗಳಿಂದ ಟೋ ಹೊಂದಿಸಬೇಕು. ಒಂದನ್ನೇ ತಿರುಗಿಸಿ ಮುಗಿಸುವುದು ಕಳ್ಳದಾರಿ.

ಹಂತ 5: ಸ್ಟಿಯರಿಂಗ್ ಎಷ್ಟು ತಿರುಗಿದೆಯೆಂದು ಹೇಳುವ ಸ್ಟಿಯರಿಂಗ್ ಆಂಗಲ್ ಸೆನ್ಸರಿನ ರೀಸೆಟ್, ಹೆಡ್‌ಲೈಟಿನ ಮಟ್ಟ, ಮುಂದಿನ ಗಾಜಿನ ಕ್ಯಾಮೆರಾ ಇದ್ದರೆ ಅದರ ಕ್ಯಾಲಿಬ್ರೇಷನ್. ಎತ್ತರ ಬದಲಾದಾಗ ಈ ಮೂರನ್ನೂ ನೋಡಿಸಬೇಕು.

ಹಂತ 6: ಮೊದಲಿನ ಮತ್ತು ನಂತರದ ಅಂಕಿಗಳಿರುವ ಪ್ರಿಂಟನ್ನು ಕೇಳಿ ಪಡೆಯಿರಿ. ಸಾವಿರ ಕಿಲೋಮೀಟರ್ ಓಡಿಸಿದ ಬಳಿಕ ಟೈರಿನ ಬಟನ್ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಮತ್ತೆ ಹೊರಗಿನಿಂದ ಒಳಕ್ಕೆ ಸವರಿ. ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದರಲ್ಲಿ ಗರಗಸದಂತೆ ತಗಲಿದರೆ ಟೋ ಇನ್ನೂ ಸರಿಯಾಗಿಲ್ಲ.

ಕೆಲವು ಕಾರುಗಳಲ್ಲಿ ಕ್ಯಾಂಬರ್ ತಿದ್ದಲು ಬೇಕಾದಷ್ಟು ಅವಕಾಶವೇ ಇರುವುದಿಲ್ಲ. ನನ್ನ ಪರಿಚಯದವರ ಕಾರಿನಲ್ಲೂ ಟೋ ಸರಿಹೋಯಿತು, ಹಿಂದಿನ ಕ್ಯಾಂಬರ್ ಮಾತ್ರ ಮಿತಿಯೊಳಗೆ ಬರಲಿಲ್ಲ. ಅದನ್ನು ತಿದ್ದಲು ಬೇರೆ ಆರ್ಮ್ ತರಿಸುವುದಾಗಿ ಅಂಗಡಿಯವರು ಹೇಳಿದರು. ನಾವು ಕಾರನ್ನು 10 ಮಿಲಿಮೀಟರ್ ಮೇಲಕ್ಕೆತ್ತಿ, ಹಂತ 2ರಿಂದ ಮತ್ತೆ ಶುರುಮಾಡಿದೆವು.