ಬೇಕೆಂದೇ ತುಕ್ಕು ಹಿಡಿಸಿದ ನಳಿಕೆ

ಕೊಡಗಿನ ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಕೋವಿಗೆ ತುಕ್ಕು ಹಿಡಿಯಿತೆಂದರೆ ಮನೆಯವರಿಗೆಲ್ಲ ಅವಮಾನ. ಮಳೆಗಾಲ ಪೂರ್ತಿ ಅಜ್ಜ ಎಣ್ಣೆಬಟ್ಟೆ ಕೈಯಲ್ಲೇ ಹಿಡಿದುಕೊಂಡಿರುತ್ತಿದ್ದರು. ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆಗಿಟ್ಟ ಕೋವಿಯಲ್ಲಿ ದೀಪದ ಕುಡಿ ಕಾಣಬೇಕು ಎನ್ನುವುದು ಅವರ ಹಟ. ಅಂಥವರ ಮೊಮ್ಮಗನಾದ ನಾನು ಹೋದ ಚಳಿಗಾಲದಲ್ಲಿ ಪೆನ್ಸಿಲ್ವೇನಿಯಾದ ಗ್ಯಾರೇಜಿನಲ್ಲಿ ಕೂತು, ಒಂದು ರೈಫಲಿನ ನಳಿಕೆಗೆ ಕಪ್ಪು ಬಣ್ಣ ಬರಿಸಲೆಂದು ಒಂಬತ್ತು ಸಲ ಕೈಯಾರೆ ತುಕ್ಕು ಹಿಡಿಸಿದೆ.

ರೈಫಲ್ ಝೆಕೊಸ್ಲೊವಾಕಿಯಾದ ಬ್ರನೋದಲ್ಲಿ ತಯಾರಾದ ವಿ.ಝಡ್. 24, ಅಂದರೆ 1898ರ ಮೌಸರ್ ವಿನ್ಯಾಸದ ಬೋಲ್ಟ್ ಆ್ಯಕ್ಷನ್; ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದಲೇ ಹಿಂದೆಮುಂದೆ ಎಳೆಯಬೇಕು. ಹಿಂದಿನ ಯಾರೋ ಒಡೆಯ ಅದರ ಮರವನ್ನು ಕತ್ತರಿಸಿ, ದುರ್ಬೀನು ಕೂರಿಸಲು ತೂತು ಕೊರೆದು, ಮೇಲಿನ ಲಾಂಛನವನ್ನೂ ಉಜ್ಜಿ ಅಳಿಸಿದ್ದ. ಹಾಗಾಗಿಯೇ ನಾನು ಧೈರ್ಯವಾಗಿ ಅರ ಹಿಡಿದೆ. ಸೈನ್ಯದಿಂದ ಬಂದಂತೆಯೇ ಉಳಿದು, ಎಲ್ಲ ಭಾಗಗಳ ಸಂಖ್ಯೆ ಒಂದಕ್ಕೊಂದು ತಾಳೆಯಾಗುವ ರೈಫಲ್ ಸಿಕ್ಕಿದ್ದರೆ ಎಣ್ಣೆ ಹಚ್ಚಿ ಇಡುತ್ತಿದ್ದೆ, ಅಷ್ಟೇ. ಇನ್ನೊಂದು ಮಾತು: ಇಲ್ಲಿ ಸ್ವಂತ ರೈಫಲಿನ ಮೇಲೆ ಇಂಥ ಕೆಲಸ ಮಾಡಿಕೊಳ್ಳಲು ಅಡ್ಡಿಯಿಲ್ಲ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಬಂದೂಕಿನ ರಿಪೇರಿಗೂ ಪರವಾನಗಿ ಬೇಕು. ಊರಿನ ತಮ್ಮಂದಿರು ಇದನ್ನು ಓದಿ ಅಟ್ಟದ ಕೋವಿ ಇಳಿಸಬಾರದು.

ಮೊದಲು ತೋಟಾ ಇಲ್ಲವೆಂದು ಕಣ್ಣಿಂದಲೂ ಬೆರಳಿಂದಲೂ ಎರಡೆರಡು ಸಲ ನೋಡಿ, ಎಲ್ಲವನ್ನೂ ಬಿಚ್ಚಿದೆ. ಆಮೇಲಿನದು ಹತ್ತು ಸಂಜೆಗಳ ಉಜ್ಜಾಟ. ಮೋಟಾರಿನ ಬಟ್ಟೆಚಕ್ರಕ್ಕೆ ಹಿಡಿದರೆ ಅರ್ಧ ಗಂಟೆಯಲ್ಲಿ ಫಳಫಳ ಆಗುತ್ತದೆ ನಿಜ. ಆದರೆ ಅಂಚುಗಳೆಲ್ಲ ಸವೆದ ಸಾಬೂನಿನಂತಾಗುತ್ತವೆ, ಸ್ಕ್ರೂ ತೂತುಗಳ ಬಾಯಿ ತಟ್ಟೆಯಂತೆ ತಗ್ಗುತ್ತದೆ. ಪಕ್ಕದ ಮನೆಯ ನಿವೃತ್ತ ಲೇತ್ ಕೆಲಸಗಾರರೊಬ್ಬರು ಅರವನ್ನು ನಳಿಕೆಗೆ ಅಡ್ಡಲಾಗಿ ಎರಡು ಕೈಯಲ್ಲಿ ಹಿಡಿದು ಉದ್ದಕ್ಕೆ ಎಳೆಯುವುದನ್ನು ತೋರಿಸಿಕೊಟ್ಟರು. ಹಳೆಯ ಲೇತಿನ ಗೀರುಗಳು ಒಂದೊಂದಾಗಿ ಮಾಯವಾದವು. ಅರದ ಹಲ್ಲಿನಲ್ಲಿ ಲೋಹದ ಪುಡಿ ಕಚ್ಚಿಕೊಂಡರೆ ಹೊಸ ಗೀರು ಬೀಳುತ್ತದೆ, ಹಾಗಾಗಿ ನಾಲ್ಕು ಎಳೆತಕ್ಕೊಮ್ಮೆ ಬ್ರಶ್ಶು, ಸೀಮೆಸುಣ್ಣ. ನಂತರ ಮರದ ಪಟ್ಟಿಗೆ ಸುತ್ತಿದ ಎಮರಿ ಕಾಗದ, ಒರಟಿನಿಂದ ನಯದ ಕಡೆಗೆ: 150, 240, ಕೊನೆಗೆ 320. ಅಲ್ಲಿಗೆ ನಿಲ್ಲಿಸಬೇಕು. ಕನ್ನಡಿಯಂತೆ ಹೊಳೆಯುವ ಉಕ್ಕಿನ ಮೇಲೆ ತುಕ್ಕಿನ ದ್ರಾವಣ ಸರಿಯಾಗಿ ಕಚ್ಚುವುದಿಲ್ಲ. ಕ್ರಮಸಂಖ್ಯೆಯ ಜಾಗಕ್ಕೆ ಟೇಪು ಅಂಟಿಸಿ ಕಾಗದ ತಾಗದಂತೆ ನೋಡಿಕೊಂಡೆ. ಅದನ್ನು ಅಳಿಸುವುದು ಇಲ್ಲಿ ಅಪರಾಧ.

ಬೆಂಕಿಯನ್ನು ಮಾತ್ರ ರಿಸೀವರಿನ, ಅಂದರೆ ನಳಿಕೆಯ ಬುಡದಲ್ಲಿ ಬೋಲ್ಟ್ ಓಡಾಡುವ ಭಾಗದ, ಹತ್ತಿರ ತರಲಿಲ್ಲ. ಅದರ ಮೈ ಗಟ್ಟಿ, ಒಳಗು ಮೆದು. ಆ ಹದ ಕೆಟ್ಟರೆ ಮನೆಯಲ್ಲಿ ಸರಿಮಾಡಲಾಗದು. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲಿನ ಕಥೆ ಇಲ್ಲಿನ ಹಳಬರಿಗೆಲ್ಲ ಗೊತ್ತು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ಕುಲುಮೆಯ ಕೆಂಪನ್ನು ಕಣ್ಣಳತೆಯಲ್ಲೇ ನೋಡಿ ಹದ ನಿರ್ಧರಿಸುತ್ತಿದ್ದರು. ಬಿಸಿಲಿನ ದಿನ ಕಾದ ಕಬ್ಬಿಣ ಮಂಕಾಗಿ ಕಾಣುವುದರಿಂದ ಅತಿಯಾಗಿ ಕಾಯಿಸಿಬಿಟ್ಟರು. ಕೆಲವು ರಿಸೀವರುಗಳು ಗಾಜಿನಂತೆ ಪೆಡಸಾಗಿ ಸಿಡಿದವು. ಅಲ್ಲಿನ 8,00,000ಕ್ಕಿಂತ ಕಡಿಮೆ ಕ್ರಮಸಂಖ್ಯೆಯವನ್ನು ಇಂದಿಗೂ ಹೆಚ್ಚಿನವರು ಹಾರಿಸುವುದಿಲ್ಲ.

ಇನ್ನು ಬಣ್ಣ. ಅಂಗಡಿಗಳಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪಿನ ಸುಮಾರು 140 ಡಿಗ್ರಿ ಸೆಲ್ಸಿಯಸ್‌ನ ಕುದಿತದಲ್ಲಿ ಅದ್ದಿ ಕಪ್ಪು ಮಾಡುತ್ತಾರೆ. ಮಕ್ಕಳಿರುವ ಮನೆಯಲ್ಲಿ ಅದು ಬೇಡ. ನಾನು ಹಿಡಿದದ್ದು ನಿಧಾನದ ದಾರಿ. ನಳಿಕೆಯ ಎರಡೂ ಬಾಯಿಗೆ ಮರದ ಬಿರಡೆ ಬಡಿದು, ಜಿಡ್ಡು ಸಂಪೂರ್ಣ ತೆಗೆದು, ಕೈಗವಸು ತೊಟ್ಟು, ಆಮ್ಲದ ದ್ರಾವಣವನ್ನು ಹಿಂಡಿದ ಹತ್ತಿಯಿಂದ ಒಂದೇ ಎಳೆತದಲ್ಲಿ ಸವರಬೇಕು. ಜನವರಿಯ ಒಣ ಹವೆಗೆ ತುಕ್ಕು ಹತ್ತುವುದಿಲ್ಲವಲ್ಲ, ಅದಕ್ಕೆ ಪ್ಲೈವುಡ್ ಪೆಟ್ಟಿಗೆಯೊಂದನ್ನು ಹೊಡೆದು ಒಳಗೆ ಒಂದು ಬಲ್ಬು, ಒಂದು ಬೋಗುಣಿ ನೀರು ಇಟ್ಟೆ. ನಮ್ಮೂರಿನ ಜುಲೈ ತಿಂಗಳನ್ನು ಪೆಟ್ಟಿಗೆಯೊಳಗೆ ತುಂಬಿದಂತಾಯಿತು. ನಾಲ್ಕು ಗಂಟೆಯಲ್ಲಿ ಕಿತ್ತಳೆ ಬಣ್ಣದ ನಯವಾದ ಹುಡಿ ಮೈಗೆಲ್ಲ ಕೂತಿರುತ್ತದೆ. ಅದನ್ನು ಉದ್ದನೆಯ ಸ್ಟೀಲ್ ತೊಟ್ಟಿಯ ಕುದಿನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿದರೆ ಕಣ್ಣೆದುರೇ ಕೆಂಪು ತುಕ್ಕು ಕಪ್ಪಾಗುತ್ತದೆ. ಕೆಂಪು ಆಕ್ಸೈಡು ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡು ಆಗುವುದು ಎನ್ನುತ್ತದೆ ರಸಾಯನಶಾಸ್ತ್ರ. ನನಗೆ ಪ್ರತಿಸಲವೂ ಅದೊಂದು ಕಣ್ಕಟ್ಟು. ಮೇಲೆ ನಿಂತ ಮಸಿಯನ್ನು ಸ್ಟೀಲ್ ವೂಲಿನಿಂದ ಹಗುರವಾಗಿ ಉಜ್ಜಿದರೆ ಕೆಳಗೆ ತೆಳು ಬೂದು ಪದರ ಉಳಿದಿರುತ್ತದೆ. ಮತ್ತೆ ಸವರು, ಮತ್ತೆ ಪೆಟ್ಟಿಗೆ, ಮತ್ತೆ ಕುದಿ.

ಮೂರನೆಯ ಸುತ್ತಿನಲ್ಲಿ ಎಡವಿದೆ. ನಳಿಕೆಯ ನಡುವೆ ಅಂಗೈಯಗಲ ಜಾಗ ತುಕ್ಕೇ ಹಿಡಿಯದೆ ಬೋಳಾಗಿ ಉಳಿಯಿತು. ದ್ರಾವಣವನ್ನು ಬೈದೆ, ಪೆಟ್ಟಿಗೆಯನ್ನು ಬೈದೆ. ತಪ್ಪು ಸ್ಟೀಲ್ ವೂಲಿನದಾಗಿತ್ತು: ಅದೇ ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲೇ ಎಣ್ಣೆ ಹಾಕಿರುತ್ತಾರೆ, ನಾನು ಹೊಸ ಸುರುಳಿಯನ್ನು ಅಸಿಟೋನಿನಲ್ಲಿ ತೊಳೆಯದೆ ಬಳಸಿದ್ದೆ. ಎಲ್ಲವನ್ನೂ 320ರ ಕಾಗದಕ್ಕೆ ಹಿಂತಿರುಗಿಸಿ ಮೊದಲಿನಿಂದ ಶುರುಮಾಡಿದೆ. ನಲ್ಲಿ ನೀರಿನ ಸುಣ್ಣದ ಕಲೆ ಬೇಡವೆಂದು ಡಿಸ್ಟಿಲ್ಡ್ ವಾಟರಿನ ಕ್ಯಾನುಗಳನ್ನು ಹೊತ್ತು ತಂದದ್ದೂ ಆಗಲೇ. ಒಂಬತ್ತನೆಯ ಸುತ್ತಿನ ಹೊತ್ತಿಗೆ ಬಣ್ಣ ಹಣ್ಣಾದ ನೇರಳೆಯ ಸಿಪ್ಪೆಯಂತೆ, ಕಪ್ಪಿನೊಳಗೆ ಒಂದು ಎಳೆ ನೀಲಿ ಇಟ್ಟುಕೊಂಡು ಬಂತು. ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಕೊನೆಯ ಕುದಿ, ಬಿಸಿಯಿರುವಾಗಲೇ ಧಾರಾಳವಾಗಿ ಎಣ್ಣೆ, ಒಂದು ರಾತ್ರಿ ವಿಶ್ರಾಂತಿ.

ಟ್ರಿಗರ್ ಗಾರ್ಡಿನ ಎರಡು ಸ್ಕ್ರೂಗಳನ್ನು ಬೇರೆ ರೀತಿ ಮಾಡಿದೆ. ಗಡಿಯಾರದವರು ಮಾಡುವಂತೆ ಹಿತ್ತಾಳೆಯ ಪುಡಿ ತುಂಬಿದ ಬಾಣಲೆಯಲ್ಲಿ ತಲೆ ಮೇಲಾಗಿ ನೆಟ್ಟು, ಮರಳಿನಲ್ಲಿ ಕಡಲೆ ಹುರಿದಂತೆ ಕಾಯಿಸಿದೆ. ಒಣಹುಲ್ಲಿನ ಬಣ್ಣ, ಕಂದು, ನೇರಳೆ, ಆಮೇಲೆ 300 ಡಿಗ್ರಿಯ ಆಸುಪಾಸಿನಲ್ಲಿ ನವಿಲುನೀಲಿ. ಅದೇ ಗಳಿಗೆಯಲ್ಲಿ ಎಣ್ಣೆಗೆ ಬಿಡಬೇಕು. ಒಂದು ಸ್ಕ್ರೂ ಮೊದಲ ಸಲಕ್ಕೇ ಸರಿಯಾಯಿತು. ಇನ್ನೊಂದನ್ನು ಫೋನು ಬಂತೆಂದು ಎದ್ದುಹೋಗಿ ಬೂದು ಮಾಡಿಕೊಂಡೆ, ಉಜ್ಜಿ ಮತ್ತೆ ಹುರಿದೆ. ಬಿಗಿದಾಗ ಎರಡರ ಗೀಟೂ ನಳಿಕೆಯ ನೇರಕ್ಕೇ ನಿಲ್ಲಬೇಕೆಂದು ತಲೆಗಳ ಅಡಿಯನ್ನು ಕೂದಲೆಳೆಯಷ್ಟು ಅರೆಯಲು ಒಂದು ಭಾನುವಾರ ಪೂರ್ತಿ ಹೋಯಿತು. ಹಿಂದಿನದು ಈಗಲೂ ಒಂಚೂರು ಬಲಕ್ಕೆ ವಾಲಿದೆ. ಇನ್ನು ಅರೆದರೆ ಬಿಗಿಯೇ ನಿಲ್ಲುವುದಿಲ್ಲ, ಬಿಟ್ಟಿದ್ದೇನೆ.